ಹೊಟ್ಟೆಪಾಡಿಗೆ ಹೊಟ್ಟೆಯನ್ನೇ ಒತ್ತೆಯಿಟ್ಟವನು

"ಕಲ್ಲು ತಿಂದರೂ ಕರಗಿಸೋ ವಯಸ್ಸು" ಎಂದು ನಮ್ಮಲ್ಲಿ ಹುಡುಗರಿಗೆ ಹೇಳುವುದುಂಟು. ತಿಂದದ್ದು ಕರಗುವುದಾದರೂ ಹೇಗೆ ಎಂಬುದಕ್ಕೆ ಇನ್ನೂರು ವರ್ಷಗಳ ಹಿಂದೆ ಎಲ್ಲರೂ ಒಪ್ಪುವ ಉತ್ತರ ಇರಲಿಲ್ಲ. ಹೊಟ್ಟೆ ಆಹಾರವನ್ನು ಬೇಯಿಸುತ್ತದೆ ಎನ್ನುವವರಿದ್ದರು, ಬೀಸುಕಲ್ಲಿನ ಹಾಗೆ ಅರೆಯುತ್ತದೆ ಎನ್ನುವವರಿದ್ದರು, ಹುಳಿಯೇರಿಸುತ್ತದೆ, ಕೊಳೆಸುತ್ತದೆ ಎನ್ನುವವರೂ ಇದ್ದರು. ಜಠರರಸವೇ ಆಹಾರವನ್ನು ಕರಗಿಸುತ್ತದೆ ಎಂದು ಇಟಲಿಯ ಸ್ಪಲ್ಲಾಂಜಾನಿ 18ನೇ ಶತಮಾನದಲ್ಲೇ ಪ್ರಯೋಗ ಮಾಡಿ ತೋರಿಸಿದ್ದ. ಆದರೂ ವಾದ ಮುಗಿದಿರಲಿಲ್ಲ. ಬದುಕಿರುವ ಮನುಷ್ಯನ ಹೊಟ್ಟೆಯೊಳಗೆ ಇಣುಕಿ ನೋಡುವುದು ಯಾರ ಕೈಲಾದೀತು?

ಹ್ಯೂರಾನ್ ಮತ್ತು ಮಿಷಿಗನ್ ಸರೋವರಗಳು ಕೂಡುವಲ್ಲಿ ಮ್ಯಾಕಿನಾ ಎಂಬ ಪುಟ್ಟ ದ್ವೀಪವಿದೆ. 1822ರಲ್ಲಿ ಅದು ಅಮೆರಿಕದ ಗಡಿನಾಡು. ಗುಡ್ಡದ ಮೇಲೆ ಸೈನ್ಯದ ಕೋಟೆ, ಕೆಳಗೆ ಅಮೆರಿಕನ್ ಫರ್ ಕಂಪನಿಯ ಅಂಗಡಿ. ಕಾಡಿನಿಂದ ಬೀವರ್ ತೊಗಲು ಹೊತ್ತು ಬಂದವರೆಲ್ಲ ಬೇಸಿಗೆಯಲ್ಲಿ ಅಲ್ಲಿ ಸೇರುತ್ತಿದ್ದರು. ಜೂನ್ 6ರ ಬೆಳಿಗ್ಗೆ ಆ ಅಂಗಡಿಯಲ್ಲಿ ಯಾರದೋ ಕೈಯಲ್ಲಿದ್ದ ಬಂದೂಕು ಅಕಸ್ಮಾತ್ತಾಗಿ ಸಿಡಿಯಿತು. ಬಾತುಕೋಳಿ ಹೊಡೆಯಲು ತುಂಬಿದ್ದ ಚರೆಗಳು ಮೂರೇ ಅಡಿ ದೂರದಲ್ಲಿ ನಿಂತಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್‌ನ ಎಡಪಕ್ಕೆಗೆ ಹೊಕ್ಕವು. ಅಂಗಿಗೂ ಬೆಂಕಿ ಹತ್ತಿಕೊಂಡಿತು. ಅವನು ಕೆನಡಾದ ಫ್ರೆಂಚ್ ಮಾತಾಡುವ ದೋಣಿಯಾಳು. ಓದುಬರಹ ಬಾರದವನು, ವಯಸ್ಸು ಇಪ್ಪತ್ತರ ಆಸುಪಾಸು.

ಕೋಟೆಯಿಂದ ಇಳಿದು ಬಂದ ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಕಂಡದ್ದು ಭೀಕರ ದೃಶ್ಯ. ಶ್ವಾಸಕೋಶದ ಒಂದು ತುಂಡು ಹೊರಗೆ ಚಾಚಿತ್ತು. ಅದರ ಕೆಳಗೆ ಜಠರ ತೂತಾಗಿ, ಬೆಳಿಗ್ಗೆ ತಿಂದ ತಿಂಡಿ ಹೊರಗೆ ಸುರಿಯುತ್ತಿತ್ತು. ಬೋಮಾಂಟ್ ಯಾವ ವೈದ್ಯಕೀಯ ಕಾಲೇಜಿನಲ್ಲೂ ಪದವಿ ಪಡೆದವನಲ್ಲ. ಹಿರಿಯ ವೈದ್ಯನೊಬ್ಬನ ಕೈಕೆಳಗಿದ್ದು ಕಲಿತವನು, ಬ್ರಿಟನ್ ವಿರುದ್ಧದ 1812ರ ಯುದ್ಧದಲ್ಲಿ ಗಾಯಾಳುಗಳ ನಡುವೆ ಪಳಗಿದವನು. ಅರಿವಳಿಕೆ ಇನ್ನೂ ಬಂದಿರಲಿಲ್ಲ, ಸೂಕ್ಷ್ಮಜೀವಿಯಿಂದ ಗಾಯ ಕೀವಾಗುತ್ತದೆಂಬ ತಿಳಿವಳಿಕೆಯೂ ಇರಲಿಲ್ಲ. 17 ದಿನ ತಿಂದದ್ದೆಲ್ಲ ಗಾಯದಿಂದಲೇ ಹೊರಬಂತು. ಎನಿಮಾ ಮೂಲಕ ಪೋಷಕ ದ್ರವ ಕೊಟ್ಟು ಬೋಮಾಂಟ್ ಅವನ ಜೀವ ಹಿಡಿದಿಟ್ಟ. ಆ ಶುಶ್ರೂಷೆಗೆ ನಾನು ಮನಸಾರೆ ತಲೆಬಾಗುತ್ತೇನೆ.

ಗಾಯ ಮಾಯುವಾಗ ಒಂದು ವಿಚಿತ್ರ ನಡೆಯಿತು. ಜಠರದ ತೂತಿನ ಅಂಚು ಪಕ್ಕೆಯ ಗೋಡೆಗೆ ಅಂಟಿ ಬೆಸೆದುಕೊಂಡಿತು. ಹಾಗೆ ಅಂಟಿದ್ದರಿಂದಲೇ ಅವನು ಉಳಿದ. ಇಲ್ಲವಾದರೆ ಜಠರದ ಆಮ್ಲ ಉದರದೊಳಗೆ ಸೋರಿ ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತಿತ್ತು. ಆದರೆ ಅದೇ ಕಾರಣಕ್ಕೆ ತೂತು ಮುಚ್ಚಲೂ ಇಲ್ಲ. ಮುಂದೆ ಜಠರದ ಒಳಪದರದ ಒಂದು ಮಡಿಕೆ ಬೆಳೆದು ಆ ಕಿಂಡಿಗೆ ಕದದಂತೆ ಅಡ್ಡ ನಿಂತಿತು. ಬೆರಳಿಂದ ಒತ್ತಿದರೆ ಒಳಗೆಲ್ಲ ಕಾಣುತ್ತಿತ್ತು.

ನಿರ್ಗತಿಕನಾಗಿದ್ದ ರೋಗಿಯನ್ನು ಇನ್ನು ಸಾಕಲಾಗದು, ಕೆನಡಾಕ್ಕೆ ಸಾಗಿಸುತ್ತೇವೆ ಎಂದು ಸ್ಥಳೀಯ ಆಡಳಿತ ಹೇಳಿದಾಗ ಬೋಮಾಂಟ್ ಅವನನ್ನು ತನ್ನ ಮನೆಗೇ ಕರೆತಂದ. 1825ರ ಆಗಸ್ಟ್ 1ರ ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಪ್ರಯೋಗ. ಹಲವು ಬಗೆಯ ಮಾಂಸ, ಹಳಸಲು ಬ್ರೆಡ್, ಹಸಿ ಎಲೆಕೋಸು, ಇವುಗಳ ಸಣ್ಣ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಕಿಂಡಿಯಿಂದ ಒಳಗೆ ಇಳಿಬಿಟ್ಟ. ಒಂದು ಗಂಟೆಗೆ ಎಳೆದು ನೋಡಿದರೆ ಕೋಸು, ಬ್ರೆಡ್ ಅರ್ಧ ಕರಗಿದ್ದವು. ಎರಡಕ್ಕೆ ಅವು ದಾರದಲ್ಲೇ ಇರಲಿಲ್ಲ. ಬೇಯಿಸಿದ ದನದ ಮಾಂಸವೂ ಮಾಯವಾಗಿತ್ತು, ಹಸಿ ದನದ ಮಾಂಸ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಸಂಜೆಗೆ ಅಲೆಕ್ಸಿಗೆ ಹೊಟ್ಟೆನೋವು, ತಲೆನೋವು. ಮರುದಿನವೂ ಸಂಕಟ ತೀರದಿದ್ದಾಗ ಬೋಮಾಂಟ್ ಔಷಧಿಯ ಗುಳಿಗೆಗಳನ್ನೂ ಆ ಕಿಂಡಿಯಿಂದಲೇ ಹಾಕಿದ.

ವಾರದೊಳಗೆ ನಡೆದ ಇನ್ನೊಂದು ಪ್ರಯೋಗ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುತ್ತದೆ. 17 ಗಂಟೆ ಉಪವಾಸವಿದ್ದ ಅಲೆಕ್ಸಿಯ ಹೊಟ್ಟೆಗೆ ಥರ್ಮಾಮೀಟರ್ ಇಳಿಸಿದಾಗ 100 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಜಠರರಸವನ್ನು ಶೀಶೆಗೆ ತೆಗೆದು, ಅದರಲ್ಲಿ ಬೆಂದ ಮಾಂಸದ ತುಂಡು ಹಾಕಿ, ಅಷ್ಟೇ ಬಿಸಿಯ ನೀರಿನಲ್ಲಿಟ್ಟ. ಅಂಥದೇ ತುಂಡನ್ನು ದಾರ ಕಟ್ಟಿ ಹೊಟ್ಟೆಯೊಳಗೂ ಬಿಟ್ಟ. ಹೊಟ್ಟೆಯಲ್ಲಿದ್ದದ್ದು ಎರಡು ಗಂಟೆಯಲ್ಲಿ ಕರಗಿತು, ಶೀಶೆಯಲ್ಲಿದ್ದದ್ದಕ್ಕೆ ಹತ್ತು ಗಂಟೆ ಬೇಕಾಯಿತು. ನಿಧಾನವಾದರೇನು, ದೇಹದ ಹೊರಗೆ, ಗಾಜಿನ ಶೀಶೆಯಲ್ಲಿ ಮಾಂಸ ಜೀರ್ಣವಾಗಿತ್ತು! ಹೊಟ್ಟೆಯೊಳಗೆ ಸ್ನಾಯುಗಳು ಕಲಕುತ್ತವೆ, ಹೊಸ ರಸ ಒಸರುತ್ತಲೇ ಇರುತ್ತದೆ, ಹಾಗಾಗಿ ಅಲ್ಲಿ ಕೆಲಸ ಬೇಗ. ನಾವು ಜಠರಾಗ್ನಿ ಎನ್ನುತ್ತೇವಲ್ಲ, ಅದರ ಬಿಸಿ ಮೈಯ ಬಿಸಿಯಷ್ಟೇ. ಕರಗಿಸುವುದು ರಸ. ಆದರೆ ಬಿಸಿ ಬೇಡವೆಂದಲ್ಲ, ತಣ್ಣಗಿನ ರಸದಲ್ಲಿ ಮಾಂಸ ಹಾಗೇ ಉಳಿಯುತ್ತಿತ್ತು.

ಬೋಮಾಂಟ್ ರಸವನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿದ್ದೂ ಉಂಟು: ತುಸು ಉಪ್ಪು, ಸ್ಪಷ್ಟವಾಗಿ ಹುಳಿ. ವರ್ಜೀನಿಯಾದ ರಾಬ್ಲೆ ಡಂಗ್ಲಿಸನ್ ಅದನ್ನು ಪರೀಕ್ಷಿಸಿ ಹೈಡ್ರೋಕ್ಲೋರಿಕ್ ಆಮ್ಲ ಇದೆಯೆಂದ. ಆಮ್ಲದ ಜೊತೆ ಕೆಲಸ ಮಾಡುವ ಪೆಪ್ಸಿನ್ ಎಂಬ ಕಿಣ್ವವನ್ನು 1836ರಲ್ಲಿ ಜರ್ಮನಿಯ ಥಿಯೋಡೋರ್ ಶ್ವಾನ್ ಕಂಡುಹಿಡಿದ.

ಅಲೆಕ್ಸಿ ಸುಮ್ಮನೆ ಮಲಗಿ ಹೊಟ್ಟೆ ಒಡ್ಡಿದವನಲ್ಲ. 1825ರಲ್ಲೇ ಹೇಳದೆ ಕೇಳದೆ ಕೆನಡಾಕ್ಕೆ ಹೊರಟುಹೋದ, ಮದುವೆಯಾದ, ಮಕ್ಕಳಾದವು. ಬೋಮಾಂಟ್ ಫರ್ ಕಂಪನಿಯವರ ಮೂಲಕ ಹುಡುಕಿಸಿ, 1829ರಲ್ಲಿ ಹೆಂಡತಿ ಮಕ್ಕಳ ಸಮೇತ ಮಿಸಿಸಿಪಿ ದಂಡೆಯ ಫೋರ್ಟ್ ಕ್ರಾಫರ್ಡ್ ಕೋಟೆಗೆ ಕರೆಸಿಕೊಂಡ. ಅಲ್ಲಿ ಅಲೆಕ್ಸಿಗೆ ಮನೆಗೆಲಸ, ಸೌದೆ ಒಡೆಯುವ ಕೆಲಸ, ನಡುನಡುವೆ ಪ್ರಯೋಗ. 1832ರಲ್ಲಿ ಕರಾರುಪತ್ರವೇ ಆಯಿತು: ಒಂದು ವರ್ಷಕ್ಕೆ 150 ಡಾಲರ್, ಊಟ, ವಸತಿ. ಬಳಿಕ ಅವನನ್ನು ಸೈನ್ಯಕ್ಕೆ ಸಾರ್ಜೆಂಟ್ ಆಗಿ ಸೇರಿಸಿ ಸರ್ಕಾರದಿಂದಲೂ ಸಂಬಳ ಕೊಡಿಸಲಾಯಿತು. ಹೊಟ್ಟೆಪಾಡು ಎಂಬ ನಮ್ಮ ಮಾತು ಇಷ್ಟು ಅಕ್ಷರಶಃ ಹೊಂದುವ ಇನ್ನೊಂದು ಬದುಕನ್ನು ನಾನು ಕೇಳಿಲ್ಲ.

ಕೋಪ ಬಂದಾಗ ಜಠರದ ಬಣ್ಣ ಬದಲಾಗುತ್ತದೆ, ರಸ ಕುಗ್ಗುತ್ತದೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ ಎಂದು ಬೋಮಾಂಟ್ ಬರೆದಿಟ್ಟ. ಮನಸ್ಸಿಗೂ ಹೊಟ್ಟೆಗೂ ಇರುವ ನಂಟನ್ನು ಕಣ್ಣಾರೆ ಕಂಡು ದಾಖಲಿಸಿದವರಲ್ಲಿ ಆತ ಮೊದಲಿಗ. ಈಗ ನಮಗೆ ಗೊತ್ತು, ಮಿದುಳಿನಿಂದ ಜಠರಕ್ಕೆ ಇಳಿಯುವ ವೇಗಸ್ ನರ ಆ ನಂಟಿನ ಒಂದು ದಾರಿ. ಅದನ್ನು ಓದುವಾಗಲೆಲ್ಲ ನನ್ನ ಮನಸ್ಸು ಆ ಕೋಪದ ಕಡೆಗೆ ಹೋಗುತ್ತದೆ. ಊರಿಂದ ದೂರ, ಹಸಿದ ಹೊಟ್ಟೆಯಲ್ಲಿ, ಕಿಂಡಿಯೊಳಗೆ ರಬ್ಬರ್ ನಳಿಕೆ ತೂರಿಸಿಕೊಂಡು ಮಲಗಿದವನ ಕೋಪ ಅದು. ವಿಜ್ಞಾನಕ್ಕೆ ಅದೂ ಒಂದು ಅಳತೆಯಾಯಿತು.

1833ರಲ್ಲಿ 238 ಪ್ರಯೋಗಗಳ ವಿವರವಿದ್ದ ಬೋಮಾಂಟ್‌ನ ಪುಸ್ತಕ ಹೊರಬಂತು. ಮರುವರ್ಷ ಊರಿಗೆ ಹೋದ ಅಲೆಕ್ಸಿ ಮತ್ತೆ ಬರಲಿಲ್ಲ. ಬೋಮಾಂಟ್ ಸುಮಾರು ಇಪ್ಪತ್ತು ವರ್ಷ ಕಾಗದ ಬರೆದು ಕರೆಯುತ್ತಲೇ ಇದ್ದ. 1853ರಲ್ಲಿ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದ ಆತ, ಆ ಪೆಟ್ಟಿನಿಂದ ಚೇತರಿಸಿಕೊಳ್ಳದೆ ತೀರಿಕೊಂಡ.

ಬದುಕಲಾರ ಎಂದುಕೊಂಡಿದ್ದ ರೋಗಿ ವೈದ್ಯನ ನಂತರವೂ 27 ವರ್ಷ ಬಾಳಿದ. 1880ರ ಜೂನ್‌ನಲ್ಲಿ ಅಲೆಕ್ಸಿ ಸತ್ತಾಗ, ಆ ಜಠರವನ್ನು ಪರೀಕ್ಷಿಸಬೇಕೆಂದು ವೈದ್ಯರು ಕೇಳಿಕೊಂಡರು. ಮನೆಯವರು ಒಪ್ಪಲಿಲ್ಲ. ಬೇಸಿಗೆಯ ಬಿಸಿಯಲ್ಲಿ ಶವವನ್ನು ಬೇಕೆಂದೇ ದಿನಗಟ್ಟಲೆ ಇಟ್ಟುಕೊಂಡರು. ಅದು ಎಷ್ಟು ಕೆಟ್ಟಿತ್ತೆಂದರೆ, ಪ್ರಾರ್ಥನೆಯ ಹೊತ್ತಿಗೆ ಚರ್ಚಿನ ಒಳಗೂ ತರಲಾಗಲಿಲ್ಲ. ಆಮೇಲೆ ಯಾರೂ ಅಗೆದು ತೆಗೆಯದ ಹಾಗೆ ಎಂಟು ಅಡಿ ಆಳದ ಗುಂಡಿ ತೋಡಿ ಹೂತರು.