ಪದ ಪರಿಚಯ: ‘11 ಪರ್ಸನೆಲ್’

ಅಮೆರಿಕನ್ ಫುಟ್‌ಬಾಲ್ ನೋಡುವಾಗ ಕಾಮೆಂಟರಿಯಲ್ಲಿ ‘ಇಲೆವೆನ್ ಪರ್ಸನೆಲ್’ ಅನ್ನುವುದು ಕಿವಿಗೆ ಬಿದ್ದರೆ ಹೊಸಬರು ಹನ್ನೊಂದು ಆಟಗಾರರು ಎಂದುಕೊಳ್ಳುತ್ತಾರೆ. ತಂಡದಿಂದ ಒಮ್ಮೆಗೆ ಮೈದಾನದಲ್ಲಿ ಇರುವವರೂ ಹನ್ನೊಂದೇ ಜನ, ಹಾಗಾಗಿ ಈ ತಪ್ಪು ಸಹಜ. ಆದರೆ ಇದನ್ನು ಹನ್ನೊಂದು ಎಂದಲ್ಲ, ‘ಒಂದು, ಒಂದು’ ಎಂದು ಬಿಡಿಸಿ ಓದಬೇಕು. ಮೊದಲ ಅಂಕಿ ಎಷ್ಟು ರನ್ನಿಂಗ್ ಬ್ಯಾಕ್‌ಗಳಿದ್ದಾರೆ (ಚೆಂಡು ಹಿಡಿದು ಓಡುವವರು) ಎಂಬುದು, ಎರಡನೆಯದು ಎಷ್ಟು ಟೈಟ್ ಎಂಡ್‌ಗಳಿದ್ದಾರೆ (ಎದುರಾಳಿಯನ್ನು ತಡೆಯುವ, ಪಾಸನ್ನೂ ಹಿಡಿಯುವವರು) ಎಂಬುದು. ಅಗಲಕ್ಕೆ ನಿಂತು ಪಾಸ್ ಹಿಡಿಯುವ ವೈಡ್ ರಿಸೀವರ್‌ಗಳ ಲೆಕ್ಕ ಈ ಅಂಕಿಯಲ್ಲಿ ಕಾಣುವುದಿಲ್ಲ. ಅದನ್ನು ಕಳೆದು ತಿಳಿಯಬೇಕು.

ಕಳೆಯುವ ಲೆಕ್ಕ ಸುಲಭ. ಅಫೆನ್ಸ್‌ನ, ಅಂದರೆ ಚೆಂಡು ಹೊಂದಿರುವ ತಂಡದ, ಹನ್ನೊಂದರಲ್ಲಿ ಐವರು ಎದುರಾಳಿಗಳನ್ನು ತಡೆಯುವ ಮುಂದಿನ ಸಾಲಿನ ಲೈನ್‌ಮನ್‌ಗಳು. ಕಾಲೇಜು ನಿಯಮದಂತೆ ಅವರ ಜೆರ್ಸಿಯ ಮೇಲೆ 50ರಿಂದ 79ರೊಳಗಿನ ಸಂಖ್ಯೆ ಇರಬೇಕು. ಮುಂದಕ್ಕೆ ಎಸೆದ ಪಾಸ್ ಹಿಡಿಯುವ ಹಕ್ಕು ಅವರಿಗಿಲ್ಲ. ಒಬ್ಬ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್. ಉಳಿದವರು ಐದು ಜನ. ಆ ಐದರಲ್ಲಿ ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ಟೈಟ್ ಎಂಡ್ ಹೋದರೆ ಮೂವರು ವೈಡ್ ರಿಸೀವರ್‌ಗಳು: ಇದೇ 11. ‘12’ ಅಥವಾ ‘21’ ಎಂದರೆ ಇಬ್ಬರು ರಿಸೀವರ್‌ಗಳು, ‘10’ ಎಂದರೆ ನಾಲ್ವರು, ‘00’ ಎಂದರೆ ಐವರೂ ರಿಸೀವರ್‌ಗಳೇ.

ತಂಡದಲ್ಲಿ ಮೂವರು ಒಳ್ಳೆಯ ರಿಸೀವರ್‌ಗಳಿದ್ದರೆ ಅವರನ್ನು ಸರದಿಯಲ್ಲಿ ಇಳಿಸದೆ ಒಟ್ಟಿಗೇ ಏಕೆ ಇಳಿಸಬೇಕು? ಡಿಫೆನ್ಸ್, ಅಂದರೆ ತಡೆಯುವ ಎದುರು ತಂಡದ, ಕಡೆಯಿಂದ ಎಣಿಸಿದರೆ ಉತ್ತರ ಸಿಗುತ್ತದೆ. ಅವರದೂ ಹನ್ನೊಂದು ಜನ. ನಾಲ್ವರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರೆ ಪಾಸ್ ತಡೆಯಲು ಏಳು ಜನ. ಇಬ್ಬರು ರಿಸೀವರ್‌ಗಳಿಗೆ ತಲಾ ಇಬ್ಬರನ್ನು ಕಾವಲಿಟ್ಟರೆ ನಾಲ್ಕು ಜನ ಖರ್ಚು. ಮಿಕ್ಕ ಮೂವರು ಮೂರನೆಯ ರಿಸೀವರ್, ಟೈಟ್ ಎಂಡ್, ರನ್ನಿಂಗ್ ಬ್ಯಾಕ್ ಒಬ್ಬೊಬ್ಬರ ಬೆನ್ನಿಗೆ ಬೀಳಬೇಕು. ಹಿಂದೆ ನಿಂತು ತಪ್ಪು ಸರಿಪಡಿಸಲು ಯಾರೂ ಉಳಿಯುವುದಿಲ್ಲ. ಅಂದರೆ ಮೂರನೆಯವನ ಎದುರು ಒಬ್ಬನೇ, ಅವನೂ ಸಾಮಾನ್ಯವಾಗಿ ಎದುರಾಳಿಯ ಮೂರನೆಯ ಆಯ್ಕೆಯ ಕಾರ್ನರ್‌ಬ್ಯಾಕ್ (ರಿಸೀವರ್‌ಗಳನ್ನು ಕಾಯುವವನು). ಆ ಮೂರನೆಯ ಜಾಗದಲ್ಲಿ ಸಾಧಾರಣ ಆಟಗಾರ ನಿಂತರೆ ಈ ಲೆಕ್ಕದ ಲಾಭ ಯಾರಿಗೂ ಇಲ್ಲ.

ಇದರಿಂದ ಓಟದ ಆಟಕ್ಕೂ ದಾರಿಯಾಗುತ್ತದೆ. ಮೂವರು ರಿಸೀವರ್‌ಗಳನ್ನು ಕಂಡ ಡಿಫೆನ್ಸ್ ಒಬ್ಬ ಲೈನ್‌ಬ್ಯಾಕರ್‌ನನ್ನು (ಮುಂದಿನ ಸಾಲಿನ ಹಿಂದೆ ನಿಲ್ಲುವವನು) ತೆಗೆದು ಐದನೆಯ ಡಿಫೆನ್ಸಿವ್ ಬ್ಯಾಕ್‌ನನ್ನು (ಪಾಸ್ ತಡೆಯುವವನು) ಇಳಿಸುತ್ತದೆ. ಇದಕ್ಕೆ ‘ನಿಕಲ್’ ಎನ್ನುತ್ತಾರೆ. ಕೊನೆಯ ಕಾವಲುಗಾರರಾದ ಇಬ್ಬರು ಸೇಫ್ಟಿಗಳು ಹಿಂದೆ ನಿಂತರೆ ಚೆಂಡಿನ ಎದುರಿನ ‘ಬಾಕ್ಸ್’ನಲ್ಲಿ ಆರೇ ಜನ. ಅಫೆನ್ಸ್‌ಗೂ ಐವರು ಲೈನ್‌ಮನ್, ಒಬ್ಬ ಟೈಟ್ ಎಂಡ್ ಸೇರಿ ಆರು ಬ್ಲಾಕರ್‌ಗಳು (ಎದುರಾಳಿಯನ್ನು ತಡೆದು ದಾರಿ ಮಾಡುವವರು). ಸಮಬಲ, ಓಡಬಹುದು. ಏಳನೆಯವನಾಗಿ ಒಬ್ಬ ಸೇಫ್ಟಿ ಕೆಳಗಿಳಿದನೋ, ಹೊರಗಿನ ರಿಸೀವರ್‌ಗಳು ಒಂಟಿ ಕಾವಲಿಗೆ ಸಿಗುತ್ತಾರೆ.

ಈ ಪದವನ್ನು ಅರ್ಥ ಮಾಡಿಕೊಳ್ಳಲು 2019ರ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ, ಅಂದರೆ ಎಲ್‌ಎಸ್‌ಯು ತಂಡಕ್ಕಿಂತ ಒಳ್ಳೆಯ ಪಾಠವಿಲ್ಲ. ಸ್ಟೀವ್ ಎನ್ಸ್‌ಮಿಂಜರ್ ಅಫೆನ್ಸ್ ನಡೆಸುತ್ತಿದ್ದರು. ಪಾಸಿಂಗ್ ಆಟ ಕಟ್ಟಲು ಆ ವರ್ಷ ವೃತ್ತಿಪರ ತಂಡ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನಿಂದ ಜೋ ಬ್ರೇಡಿ ಬಂದರು. ಹೊರಗೆ ಜಮಾರ್ ಚೇಸ್ ಮತ್ತು ಟೆರೆಸ್ ಮಾರ್ಷಲ್. ಹಿಂದಿನ ವರ್ಷ ಹೊರಗೆ ಆಡಿ 875 ಗಜ ಗಳಿಸಿದ್ದ ಜಸ್ಟಿನ್ ಜೆಫರ್ಸನ್‌ನನ್ನು ಒಳಕ್ಕೆ, ‘ಸ್ಲಾಟ್’ಗೆ ಸರಿಸಿದರು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇದೇ. ಸ್ಲಾಟ್ ಎಂದರೆ ಕುಳ್ಳಗಿನ ಚುರುಕು ಹುಡುಗನ ಜಾಗ ಎಂಬ ಹಳೆಯ ರೂಢಿಯನ್ನು ಬಿಟ್ಟು, ತಂಡದ ಅತ್ಯುತ್ತಮರಲ್ಲಿ ಒಬ್ಬನನ್ನೇ ಅಲ್ಲಿಟ್ಟರು. ಸ್ಲಾಟ್‌ನಲ್ಲಿ ಗಡಿಗೆರೆ ದೂರ, ಹಾಗಾಗಿ ಎಡಕ್ಕೂ ಬಲಕ್ಕೂ ಮುರಿಯಬಹುದು. ಗೆರೆಯಿಂದ ಹಿಂದೆ ನಿಂತಿರುವುದರಿಂದ ಆರಂಭದಲ್ಲೇ ಎದೆಗೆ ಕೈಕೊಟ್ಟು ತಡೆಯುವುದೂ ಕಷ್ಟ.

ಫಲ ಅಂಕಿಗಳಲ್ಲಿದೆ. ಜೆಫರ್ಸನ್ 111 ಕ್ಯಾಚ್, 1,540 ಗಜ, 18 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು). ಚೇಸ್ 84 ಕ್ಯಾಚ್, 1,780 ಗಜ, 20 ಟಚ್‌ಡೌನ್. ಮಾರ್ಷಲ್ 46 ಕ್ಯಾಚ್, 13 ಟಚ್‌ಡೌನ್. ಮೂವರದು ಸೇರಿ 51. 2018ರಲ್ಲಿ 16 ಟಚ್‌ಡೌನ್ ಪಾಸ್ ಎಸೆದಿದ್ದ ಕ್ವಾರ್ಟರ್‌ಬ್ಯಾಕ್ ಜೋ ಬರೋ ಈ ವರ್ಷ 60 ಎಸೆದ; ತಂಡ 15ಕ್ಕೆ 15 ಪಂದ್ಯ ಗೆದ್ದಿತು. ಸೆಮಿಫೈನಲ್‌ನಲ್ಲಿ ಒಕ್ಲಹೋಮ ಎದುರು ಜೆಫರ್ಸನ್ ಮೊದಲರ್ಧದಲ್ಲೇ ನಾಲ್ಕು ಟಚ್‌ಡೌನ್ ಹಿಡಿದ. 2020ರ ಜನವರಿ 13ರ ಫೈನಲ್‌ನಲ್ಲಿ ಕ್ಲೆಮ್ಸನ್ ಎದುರು ಚೇಸ್ 9 ಕ್ಯಾಚ್‌ಗಳಲ್ಲಿ 221 ಗಜ ಗಳಿಸಿದ. ಒಬ್ಬನನ್ನು ಕಾದರೆ ಇನ್ನೊಬ್ಬ ಬಿಚ್ಚಿಕೊಳ್ಳುತ್ತಿದ್ದ.

ಉಳಿದಿಬ್ಬರನ್ನು ಮರೆಯಬಾರದು. ಟೈಟ್ ಎಂಡ್ ಥ್ಯಾಡಿಯಸ್ ಮಾಸ್ ಬ್ಲಾಕ್ ಮಾಡಬಲ್ಲವನೂ ಪಾಸ್ ಹಿಡಿಯಬಲ್ಲವನೂ ಆಗಿದ್ದ. ರನ್ನಿಂಗ್ ಬ್ಯಾಕ್ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಹಿಡಿದದ್ದು 55 ಪಾಸ್. ಹಾಗಾಗಿ ಅದೇ ಹನ್ನೊಂದು ಜನರೊಂದಿಗೆ ಒಮ್ಮೆ ಓಟಕ್ಕೆ ಒತ್ತಾಗಿ ನಿಲ್ಲಬಹುದಿತ್ತು, ಮರುಗಳಿಗೆ ಐವರನ್ನೂ ಅಗಲಕ್ಕೆ ಹರಡಿ ಕ್ವಾರ್ಟರ್‌ಬ್ಯಾಕ್ ಪಕ್ಕ ಖಾಲಿ ಬಿಡಬಹುದಿತ್ತು. ಈ ಖಾಲಿ ಜೋಡಣೆಗೆ ‘ಎಂಪ್ಟಿ’ ಎಂದು ಹೆಸರು. ಕಾಲೇಜು ನಿಯಮದಲ್ಲಿ ಅಫೆನ್ಸ್ ಆಟಗಾರರನ್ನು ಬದಲಿಸಿದರೆ ಡಿಫೆನ್ಸ್‌ಗೂ ಬದಲಿಸಲು ಸಮಯ ಕೊಡಬೇಕು, ಅಲ್ಲಿಯವರೆಗೆ ಪಂದ್ಯಾಧಿಕಾರಿಯೊಬ್ಬ ಚೆಂಡಿನ ಬಳಿಯೇ ನಿಂತಿರುತ್ತಾನೆ. ಬದಲಿಸದೇ ಇದ್ದರೆ ಆ ಕಾಯುವಿಕೆ ಇಲ್ಲ. ಬೇಗ ಸ್ನ್ಯಾಪ್ ಮಾಡಿದರೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡಿದರೆ) ಹೊಂದದ ಆಟಗಾರರೊಂದಿಗೇ ಡಿಫೆನ್ಸ್ ಸಿಕ್ಕಿಬೀಳುತ್ತದೆ.

ಕಾಲೇಜು ಮೈದಾನದ ಅಳತೆಯೂ ಇದಕ್ಕೆ ಅನುಕೂಲ. ಅಗಲ 160 ಅಡಿ. ಚೆಂಡು ಇಡುವ ಹ್ಯಾಶ್ ಗುರುತುಗಳು ಎರಡೂ ಬದಿಯಿಂದ 60 ಅಡಿ ಒಳಗಿವೆ. ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಒಂದು ಕಡೆ 20 ಗಜ (ಕ್ರಿಕೆಟ್ ಪಿಚ್‌ಗಿಂತಲೂ ಎರಡು ಗಜ ಕಡಿಮೆ), ಇನ್ನೊಂದು ಕಡೆ 33 ಗಜಕ್ಕೂ ಹೆಚ್ಚು. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಹ್ಯಾಶ್‌ಗಳ ನಡುವೆ ಹದಿನೆಂಟೂವರೆ ಅಡಿ ಮಾತ್ರ, ಅಲ್ಲಿ ಇಷ್ಟು ವ್ಯತ್ಯಾಸ ಬಾರದು. ಹಾಗಾಗಿ ಕಾಲೇಜಿನಲ್ಲಿ ಅಗಲದ ಕಡೆ ಟೈಟ್ ಎಂಡ್ ಸೇರಿ ಮೂವರನ್ನು ನಿಲ್ಲಿಸಿ (ಇದು ‘ಟ್ರಿಪ್ಸ್’), ಕಿರಿದಾದ ಕಡೆ ಬಲಶಾಲಿ ರಿಸೀವರ್ ಒಬ್ಬನನ್ನೇ ಬಿಡುವುದು ಒಳ್ಳೆಯ ಉಪಾಯ. ಅವನಿಗೆ ಎಸೆಯುವ ದೂರ ಕಡಿಮೆ. ಅವನ ನೆರವಿಗೆ ಸೇಫ್ಟಿ ವಾಲಿದರೆ ಮೂವರ ಕಡೆ ಒಬ್ಬ ಕಡಿಮೆಯಾಗುತ್ತಾನೆ.

ಕೆಡುವುದು ಹೆಚ್ಚಾಗಿ ನಿಲ್ಲುವಲ್ಲೇ. ಮುಂದಿನ ಸಾಲಿನ ಎರಡು ತುದಿಯವರು, ಸಾಲಿನ ಹಿಂದೆ ನಿಂತವರು, ಇವರಷ್ಟೇ ಪಾಸ್ ಹಿಡಿಯಲು ಅರ್ಹರು. ಹಿಂದೆ ನಾಲ್ವರಿಗಿಂತ ಹೆಚ್ಚು ಜನ ಇರುವಂತಿಲ್ಲ. ಹೊರಗಿನವನು ಸಾಲಿನ ಮೇಲಿರುವಾಗ ಅದೇ ಬದಿಯ ಸ್ಲಾಟ್ ಆಟಗಾರನೂ ಸಾಲಿಗೆ ಬಂದು ನಿಂತರೆ ಅವನು ‘ಮುಚ್ಚಿ’ಹೋಗುತ್ತಾನೆ, ಅರ್ಹತೆ ಕಳೆದುಕೊಳ್ಳುತ್ತಾನೆ. ಎಷ್ಟು ಚೆನ್ನಾಗಿ ಓಡಿದರೂ ಫಲ ಐದು ಗಜದ ದಂಡ. ಆದ್ದರಿಂದ ಸ್ಲಾಟ್‌ನವನು ಒಂದು ಗಜ ಹಿಂದೆ ನಿಂತು, ಬದಿಯ ರೆಫರಿಯತ್ತ ನೋಡಿ ಖಚಿತಪಡಿಸಿಕೊಳ್ಳಬೇಕು. ರೂಟ್‌ಗಳ, ಅಂದರೆ ರಿಸೀವರ್‌ಗಳು ಓಡುವ ದಾರಿಗಳ, ನಡುವೆ ಅಂತರ ಕೆಟ್ಟರೂ ನಷ್ಟವೇ: ಇಬ್ಬರು ರಿಸೀವರ್‌ಗಳು ಹತ್ತಿರ ಬಂದರೆ ಒಬ್ಬ ಡಿಫೆಂಡರ್ ಇಬ್ಬರನ್ನೂ ಕಾಯುತ್ತಾನೆ. ಎಂಪ್ಟಿಯಲ್ಲಿ ಬ್ಲಾಕರ್‌ಗಳು ಐದೇ ಜನ. ಆರನೆಯವನು ನುಗ್ಗಿದರೆ ಅವನನ್ನು ತಡೆಯುವವರಿಲ್ಲ. ಆಗ ನುಗ್ಗಿದವನು ಬಿಟ್ಟ ಜಾಗಕ್ಕೆ ರಿಸೀವರ್ ರೂಟ್ ಮೊಟಕುಗೊಳಿಸಿ ತಿರುಗಬೇಕು, ಕ್ವಾರ್ಟರ್‌ಬ್ಯಾಕ್ ಕೂಡಲೇ ಎಸೆಯಬೇಕು. ಇಬ್ಬರಲ್ಲಿ ಒಬ್ಬ ಗಮನಿಸದಿದ್ದರೂ ಇಂಟರ್‌ಸೆಪ್ಷನ್ (ಪಾಸ್ ಎದುರಾಳಿಯ ಕೈಸೇರುವುದು) ಅಥವಾ ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು).

ನಾಲ್ಕನೆಯ ಒಳ್ಳೆಯ ರಿಸೀವರ್ ಇದ್ದರೆ? 2019ರ ಅಲಬಾಮ ವಿಶ್ವವಿದ್ಯಾಲಯದ ತಂಡದಲ್ಲಿ ಜೆರಿ ಜೂಡಿ, ಹೆನ್ರಿ ರಗ್ಸ್, ಡೆವಾಂಟಾ ಸ್ಮಿತ್, ಜೇಲನ್ ವಾಡಲ್ ಒಟ್ಟಿಗಿದ್ದರು. ಮುಂದೆ ನಾಲ್ವರೂ ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. 11ರಲ್ಲಿರುವುದು ಮೂರೇ ಜಾಗ. ಆ ಋತುವಿನಲ್ಲಿ ಜೂಡಿ 77 ಪಾಸ್ ಹಿಡಿದರೆ ವಾಡಲ್ ಕೈಗೆ ಬಂದದ್ದು 33. ನಾಲ್ವರನ್ನೂ ಇಳಿಸಲು ‘10’ಕ್ಕೆ ಹೋಗಬೇಕು, ಹೋದರೆ ಟೈಟ್ ಎಂಡ್ ಎಂಬ ಆರನೆಯ ಬ್ಲಾಕರ್ ಹೊರಗೆ.