ದ್ರಾಕ್ಷಿ ಬಗ್ಗೆ ಎಲ್ಲಾ ಗೊತ್ತು, ನಿಂಬೆ ಬಗ್ಗೆ?

“ದ್ರಾಕ್ಷಿ ಹಚ್ಚಬೇಕಂತ ಮಾಡೀನ್ರಿ ಸರ್, ಎಲ್ಲಾ ಕಡೆ ವಿಚಾರ ಮಾಡೇನಿ.” ವಿಜಯಪುರ ಜಿಲ್ಲೆಯಲ್ಲಿ ಬೆಳೆ ಸಲಹೆ ಕೊಡುವ ನನಗೆ ಈ ಮಾತು ಪದೇ ಪದೇ ಕೇಳಿಸುತ್ತದೆ. ವಿಚಾರ ಮಾಡಿರುವುದೂ ನಿಜ. ಡಾಗ್‌ರಿಜ್ ಎಂಬ ಗಟ್ಟಿ ಜಾತಿಯ ದ್ರಾಕ್ಷಿ ಬೇರಿನ ಮೇಲೆ ಕಸಿ, ಏಪ್ರಿಲ್ ಚಾಟನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್ ಚಾಟನಿ, ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ ಎಂಬ ಲೆಕ್ಕ, ಎಲ್ಲ ಬಾಯಿಪಾಠ. ಇದೇ ಜಿಲ್ಲೆಯ ಇಂಡಿ ಕಡೆ ನಿಂಬೆ ಹಚ್ಚಿದವರನ್ನು ಕೇಳಿದ್ರಾ ಅಂದರೆ, “ಅದೂ ಐತಲ್ರಿ” ಅಂದು ಸುಮ್ಮನಾಗುತ್ತಾರೆ.

ಮಾಹಿತಿಗೆ ಬರವಿಲ್ಲ. ಎಲ್ಲ ಒಂದೇ ಬೆಳೆಯದು, ಅಷ್ಟೇ. ಒಂದರ ಬಗ್ಗೆ ಜಾಸ್ತಿ ತಿಳಿದಷ್ಟೂ ಅದೇ ಸರಿ ಅನಿಸತೊಡಗುತ್ತದೆ.

ಜನ ಹೇಗೆ ಆರಿಸುತ್ತಾರೆ ಅನ್ನುವುದರ ಬಗ್ಗೆ 1976ರಲ್ಲಿ ಅಮೆರಿಕದ ಸಂಶೋಧಕ ಜಾನ್ ಪೇನ್ ಒಂದು ಅಧ್ಯಯನ ಪ್ರಕಟಿಸಿದರು. ಬಾಡಿಗೆ ಮನೆ ಆರಿಸಿ ಅಂತ ಜನರಿಗೆ ಹೇಳಿ, ಬಾಡಿಗೆ, ಗದ್ದಲ ಮುಂತಾದ ವಿವರಗಳನ್ನು ಮುಚ್ಚಿಟ್ಟಿದ್ದರು. ಬೇಕಾದ್ದನ್ನು ತೆರೆದು ನೋಡಬೇಕು. ಎರಡೇ ಮನೆ ಇದ್ದಾಗ ಜನ ಎರಡರ ವಿವರವನ್ನೂ ಹೆಚ್ಚುಕಡಿಮೆ ಸಮನಾಗಿ ನೋಡಿದರು. 6, 12 ಮನೆ ಇದ್ದಾಗ ಒಂದೆರಡು ವಿವರ ನೋಡಿಯೇ ಹಲವನ್ನು ಬಿಟ್ಟುಬಿಟ್ಟರು. ಇದರಲ್ಲಿ ತಪ್ಪೇನಿಲ್ಲ, ಎಲ್ಲವನ್ನೂ ನೋಡುತ್ತ ಕೂತರೆ ಹಂಗಾಮೇ ಮುಗಿದಿರುತ್ತದೆ. ಆದರೆ ಯಾವ ವಿವರ ನೋಡಿ ಬಿಡುತ್ತೇವೆ ಅನ್ನುವುದು ಮುಖ್ಯ ಅಲ್ವಾ? ನಮ್ಮ ಕಡೆ ಹೋದ ವರ್ಷದ ದರ ನೋಡಿ ಬಿಡುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಕೆಟ್ಟ ಅಳತೆ ಇಲ್ಲ. ಈಗ ಹಚ್ಚಿದ ತೋಟದ ಹಣ್ಣು ಆ ದರ ನೋಡುವುದೇ ಇಲ್ಲ.

ಅದಕ್ಕೇ ನೋಟ್‌ಬುಕ್ಕಿನ ಒಂದೇ ಹಾಳೆಯಲ್ಲಿ ಗೆರೆ ಎಳೆಸುತ್ತೇನೆ. ಮೇಲೆ ತೊಗರಿ, ನಿಂಬೆ, ದ್ರಾಕ್ಷಿ. ಎಡಗಡೆ ಪ್ರಶ್ನೆಗಳು: ಮೇ ತಿಂಗಳ ನೀರು, ಎಷ್ಟು ವರ್ಷ ರೊಕ್ಕ ಬರುವುದಿಲ್ಲ, ಆಳು ಯಾವಾಗ ಬೇಕು. ಮೂರೂ ಬೆಳೆಗೆ ಅವೇ ಪ್ರಶ್ನೆ. ಖಾಲಿ ಉಳಿದ ಚೌಕಗಳು ತಾವಾಗಿಯೇ ಕಣ್ಣಿಗೆ ಹೊಡೆಯುತ್ತವೆ. ಒಬ್ಬರು ದ್ರಾಕ್ಷಿಯ ಕೆಳಗೆ, ನೀರಿನ ಚೌಕದಲ್ಲಿ “ನೋಡೋಣ” ಅಂತ ಬರೆದಿದ್ದರು!

“ಎರಡು ಇಂಚು ನೀರು ಐತ್ರಿ” ಅನ್ನುವುದು ಬೋರ್ ಕೊರೆಸಿದ ದಿನದ ಮಾತು. ಮೇ ತಿಂಗಳಲ್ಲಿ, ಮೋಟರ್ ಎರಡು ತಾಸು ಓಡಿದ ಮೇಲೆ, 200 ಲೀಟರ್ ಬ್ಯಾರಲ್ ಇಟ್ಟು ಗಡಿಯಾರ ನೋಡಿ. 4 ನಿಮಿಷಕ್ಕೆ ತುಂಬಿದರೆ ತಾಸಿಗೆ 3,000 ಲೀಟರ್. ಆ ಅಂಕಿ ಬರೆಯಿರಿ.

ಹಾಳೆಯ ಕೊನೆಯ ಸಾಲಿನಲ್ಲಿ, ಆ ಬೆಳೆ ಹಚ್ಚಿ ಆಮೇಲೆ ಬೇರುಸಮೇತ ಕಿತ್ತುಹಾಕಿದವರು ಯಾರು? ಸಸಿ ಮಾರುವವರು ಅವರ ಹೆಸರು ಹೇಳುವುದಿಲ್ಲ, ಯೂಟ್ಯೂಬಿನಲ್ಲೂ ಅವರು ಸಿಗುವುದು ಕಡಿಮೆ. ಹುಡುಕಿಕೊಂಡು ಹೋಗಬೇಕು. ಹೋದಾಗ “ಯಾಕ ಲುಕ್ಸಾನ್ ಆತು?” ಅಂತ ಕೇಳಬೇಡಿ, ಬಾಯಿ ಬಿಡುವುದಿಲ್ಲ. “ಯಾವ ವರ್ಷ ಕಿತ್ತಿರಿ ಕಾಕಾ, ಆಮ್ಯಾಲ ಏನ್ ಹಚ್ಚಿದ್ರಿ?” ಅಂತ ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.