ಉತ್ತೇಜನ ಹಣ ರಾಜ್ಯವೊಂದನ್ನು ಹೇಗೆ ಎತ್ತುತ್ತದೆ: ಅಮೆರಿಕದ 2009ರ ಕಾಯ್ದೆಯ ಮೇಲೊಂದು ಟಿಪ್ಪಣಿ

ಉತ್ತೇಜನ ವೆಚ್ಚ, ಅಂದರೆ ಆರ್ಥಿಕ ಹಿಂಜರಿತದಲ್ಲಿ ಆರ್ಥಿಕತೆಯನ್ನು ಎತ್ತಲು ಸರ್ಕಾರ ಮಾಡುವ ಖರ್ಚು, ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೊಡನೆ ಎಲ್ಲರೂ ರಸ್ತೆ, ಸೇತುವೆ ಎಂದು ಬರೆಯುತ್ತಾರೆ. ರಾಜ್ಯದ ಮಟ್ಟಕ್ಕೆ ಬಂದರೆ ಆ ಉತ್ತರ ಅರ್ಧ ಮಾತ್ರ ಸರಿ. ಇದ್ದ ಶಿಕ್ಷಕರು, ದಾದಿಯರು ಕೆಲಸ ಕಳೆದುಕೊಳ್ಳದಂತೆ ನೋಡಿಕೊಳ್ಳುವುದೇ ಈ ಹಣದ ಮೊದಲ ಕೆಲಸ.

ಯಾಕೆಂದರೆ, ವರ್ಮಾಂಟ್ ಬಿಟ್ಟರೆ ಅಮೆರಿಕದ ಎಲ್ಲ ರಾಜ್ಯಗಳಿಗೂ ಒಂದಲ್ಲ ಒಂದು ರೂಪದ ಸಮತೋಲಿತ ಬಜೆಟ್ ನಿಯಮವಿದೆ, ಅಂದರೆ ವೆಚ್ಚ ಆದಾಯವನ್ನು ಮೀರಬಾರದು. ಹಿಂಜರಿತದಲ್ಲಿ ಮಾರಾಟ ತೆರಿಗೆ, ಆದಾಯ ತೆರಿಗೆ ಎರಡೂ ಕುಸಿಯುತ್ತವೆ. ಅದೇ ಹೊತ್ತಿಗೆ ಕೆಲಸ ಕಳೆದುಕೊಂಡವರು ಬಡವರ ಆರೋಗ್ಯ ಯೋಜನೆಯಾದ ಮೆಡಿಕೈಡ್‌ಗೆ ಸೇರುತ್ತಾರೆ. ಕೇಂದ್ರದಂತೆ ಸಾಲ ಎತ್ತಿ ಸಂಬಳ ಕೊಡಲು ರಾಜ್ಯಕ್ಕೆ ಆಗುವುದಿಲ್ಲ. ಮೀಸಲು ನಿಧಿ ಮುಗಿದ ಮೇಲೆ ಉಳಿಯುವುದು ತೆರಿಗೆ ಏರಿಕೆ ಇಲ್ಲವೇ ವೆಚ್ಚ ಕಡಿತ. ಎರಡೂ ಹಿಂಜರಿತವನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತವೆ.

2009ರ ಫೆಬ್ರುವರಿ 17ರಂದು ಒಬಾಮಾ ಸಹಿ ಹಾಕಿದ ಚೇತರಿಕೆ ಕಾಯ್ದೆಯ ಆರಂಭಿಕ ಅಂದಾಜು 78,700 ಕೋಟಿ ಡಾಲರ್. ಅದರಲ್ಲಿ ರಾಜ್ಯಗಳನ್ನು ಬೇಗ ತಲುಪಿದ್ದು ಮೆಡಿಕೈಡ್ ದಾರಿಯ ಹಣ. ಈ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಕಾಯ್ದೆ ಕೇಂದ್ರದ ಪಾಲನ್ನು ಎಲ್ಲ ರಾಜ್ಯಗಳಿಗೂ 6.2 ಶೇಕಡಾಂಶ ಹೆಚ್ಚಿಸಿತು, ನಿರುದ್ಯೋಗ ಏರಿದ ಕಡೆ ಇನ್ನೂ ಹೆಚ್ಚು ಕೊಟ್ಟಿತು. ಅದೂ 2008ರ ಅಕ್ಟೋಬರ್ 1ರಿಂದಲೇ ಪೂರ್ವಾನ್ವಯವಾಗಿ.

ಲೆಕ್ಕ ಹಾಕಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಕೇಂದ್ರದ ಪಾಲು ಶೇ 50 ಇದ್ದದ್ದು, ನಿರುದ್ಯೋಗಕ್ಕೆಂದು ಕೊಟ್ಟ ಹೆಚ್ಚುವರಿಯೂ ಸೇರಿ, ಶೇ 61.59ಕ್ಕೆ ಏರಿತು. 10 ಕೋಟಿ ಡಾಲರ್ ಬಿಲ್ ಬಂದರೆ ಮೊದಲು ರಾಜ್ಯ 5 ಕೋಟಿ ಕಟ್ಟಬೇಕಿತ್ತು, ಈಗ 3.841 ಕೋಟಿ. ಬೊಕ್ಕಸದಲ್ಲಿ ಉಳಿದ 1.159 ಕೋಟಿಗೆ ಹೊಸ ಅರ್ಜಿ ಬೇಡ, ಟೆಂಡರ್ ಬೇಡ; ನೇರವಾಗಿ ಸಂಬಳಕ್ಕೆ ಹೋಗಬಹುದು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ದಾರಿಯಲ್ಲಿ ಬಂದ ಪ್ರತಿ 1 ಲಕ್ಷ ಡಾಲರ್‌ಗೆ 3.8 ಉದ್ಯೋಗ-ವರ್ಷ ಎಂದು ಅಂದಾಜಿಸಿತು. ಉದ್ಯೋಗ-ವರ್ಷ ಅಂದರೆ ಒಬ್ಬರಿಗೆ ಒಂದು ವರ್ಷದ ಕೆಲಸ. ಇದನ್ನು ಕಾಯಂ ಉದ್ಯೋಗ ಎಂದು ಓದಿಕೊಂಡರೆ ಇಡೀ ಉತ್ತರ ತಪ್ಪುತ್ತದೆ.

ಇನ್ನು ಗುಣಕ, ಅಂದರೆ ಬಂದ ಒಂದು ಡಾಲರ್ ಕೈಯಿಂದ ಕೈಗೆ ಸುತ್ತಿ ಒಟ್ಟು ಎಷ್ಟು ಡಾಲರ್ ಆದಾಯ ಹುಟ್ಟಿಸುತ್ತದೆ ಎಂಬ ಲೆಕ್ಕ. ಕೈಗೆ ಬಂದ 100 ಡಾಲರ್‌ನಲ್ಲಿ 20 ತೆರಿಗೆಗೆ, 8 ಉಳಿತಾಯಕ್ಕೆ ಹೋಯಿತು ಎಂದುಕೊಳ್ಳಿ. ಖರ್ಚಾಗುವ 72ರಲ್ಲಿ ಅರ್ಧ ಹೊರರಾಜ್ಯದ ಸರಕಿಗೆ ಹೋದರೆ ಒಳಗೆ ಸುತ್ತುವುದು 36 ಮಾತ್ರ. ಗುಣಕ 1 ÷ (1 − 0.36), ಅಂದರೆ ಸುಮಾರು 1.56. ಹೊರಗೆ ಸೋರದಿದ್ದರೆ ಇದೇ ಸೂತ್ರ 3.57 ಕೊಡುತ್ತದೆ. ರಾಜ್ಯ ಚಿಕ್ಕದಾದಷ್ಟೂ ಸೋರಿಕೆ ಹೆಚ್ಚು. ಅದಕ್ಕೇ ಒಂದು ರಾಜ್ಯ ತನ್ನ ಜನರ ಮೇಲೆ ತೆರಿಗೆ ಹಾಕಿ ತಾನೇ ಉತ್ತೇಜನ ಕೊಡಲು ಹೊರಟರೆ ಫಲ ಕಡಿಮೆ; ಹಣ ಹೊರಗಿನಿಂದ, ಅಂದರೆ ಕೇಂದ್ರದ ಸಾಲದಿಂದ ಬರಬೇಕು.

ಇದೇ ಕಾಯ್ದೆಯಲ್ಲಿ ಹೆದ್ದಾರಿಗಳಿಗೆ 2,750 ಕೋಟಿ ಡಾಲರ್ ಇಟ್ಟಿದ್ದರು. ಇಲ್ಲಿ ಎಡವುವುದು ಒಂದೇ ಪದದಲ್ಲಿ: ಹಣ ‘ನಿಗದಿಯಾಯಿತು’ ಎಂದರೆ ಖರ್ಚಾಯಿತು ಎಂದಲ್ಲ. ಕೆಲಸ ಮುಗಿದಂತೆ ರಾಜ್ಯ ಗುತ್ತಿಗೆದಾರರಿಗೆ ಪಾವತಿ ಮಾಡಿ, ಆಮೇಲೆ ಕೇಂದ್ರದಿಂದ ವಾಪಸ್ ಪಡೆಯುತ್ತದೆ. ನಿಗದಿಯ ಗಡುವು ಬಿಗಿಯಾಗಿದ್ದರೆ ಡಾಂಬರು ಮರುಹಾಸುವಂಥ, ನಕ್ಷೆ ಸಿದ್ಧವಿರುವ ಕೆಲಸಗಳೇ ಮುಂದೆ ಬರುತ್ತವೆ.

ಪರ್ಯಾಯ ಬಳಕೆಯ ಸಮಸ್ಯೆಯನ್ನೂ ಗಮನಿಸಿ: ಕೇಂದ್ರದ ಹಣ ಬಂದಾಗ ರಾಜ್ಯ ತನ್ನ ಹಣವನ್ನು ಅಲ್ಲಿಂದ ಹಿಂತೆಗೆದುಕೊಳ್ಳುವುದು. ಶಿಕ್ಷಣಕ್ಕೆಂದೇ ಹೆಚ್ಚಿನ ಪಾಲು ಮೀಸಲಿದ್ದ ಇದೇ ಕಾಯ್ದೆಯ 5,360 ಕೋಟಿ ಡಾಲರ್‌ನ ಸ್ಥಿರೀಕರಣ ನಿಧಿ (ರಾಜ್ಯಗಳ ಬಜೆಟ್‌ಗೆ ಆಸರೆಯಾದ ನಿಧಿ) ಪಡೆಯಲು, ರಾಜ್ಯ ಶಿಕ್ಷಣಕ್ಕೆ ತಾನು ಕೊಡುವ ಹಣವನ್ನು 2006ರ ಮಟ್ಟಕ್ಕಿಂತ ಇಳಿಸಬಾರದಿತ್ತು. ಆದರೆ 2009ರ ಹೊತ್ತಿಗೆ 2006ಕ್ಕಿಂತ ಹೆಚ್ಚು ಕೊಡುತ್ತಿದ್ದ ರಾಜ್ಯ ಆ ವ್ಯತ್ಯಾಸದಷ್ಟು ತನ್ನ ಪಾಲನ್ನು ಕಡಿದು, ಕೇಂದ್ರದ ಹಣದಿಂದ ತುಂಬಿಸಬಹುದಿತ್ತು. ಷರತ್ತಿನ ಆಧಾರ ವರ್ಷ ಹಳೆಯದಾದಷ್ಟೂ ಈ ಕಿಂಡಿ ಅಗಲ.

ಕೊನೆಯ ಅಂಶ ಕಾಲದ್ದು. ಹಿಂಜರಿತ ಅಧಿಕೃತವಾಗಿ 2009ರ ಜೂನ್‌ನಲ್ಲಿ ಮುಗಿದರೂ ನಿರುದ್ಯೋಗ ಅಕ್ಟೋಬರ್‌ನಲ್ಲಿ ಶೇ 10 ಮುಟ್ಟಿತು. ತೆರಿಗೆ ವಸೂಲಿ ಅದಕ್ಕೂ ತಡವಾಗಿ ಚೇತರಿಸಿಕೊಳ್ಳುತ್ತದೆ. ಮೆಡಿಕೈಡ್ ನೆರವು 2010ರ ಡಿಸೆಂಬರ್‌ಗೆ ನಿಲ್ಲಬೇಕಿತ್ತು, ಅಂದರೆ ಹೆಚ್ಚಿನ ರಾಜ್ಯಗಳ ಜುಲೈ-ಜೂನ್ ಬಜೆಟ್ ವರ್ಷದ ನಟ್ಟನಡುವೆ. ಹಾಗಾಗಿ 2010ರ ಆಗಸ್ಟ್‌ನಲ್ಲಿ ಇನ್ನೊಂದು ಕಾಯ್ದೆ ತಂದು, ಹೆಚ್ಚುವರಿ ಪಾಲನ್ನು 2011ರ ಜನವರಿಯಿಂದ 3.2ಕ್ಕೆ, ಏಪ್ರಿಲ್‌ನಿಂದ 1.2ಕ್ಕೆ ಇಳಿಸಿ, ಜೂನ್ ಕೊನೆಗೆ ನಿಲ್ಲಿಸಲಾಯಿತು.